ಮೊದಲ ದೊಡ್ಡ ಗಾಡಿ: ಸಿಸಿ ಆಮೇಲೆ, ಮೊದಲು ವಜ್ಜ ನೋಡಿ

ಹೋದ ತಿಂಗಳು ಒಂದು ಭಾನುವಾರ ಅಕ್ಕನ ಮಗ ಧಾರವಾಡದಿಂದ ಬಂದಿದ್ದ. ಚಹಾ ಕಪ್ಪು ಕೆಳಗಿಡುವ ಮೊದಲೇ ಫೋನ್ ತೆಗೆದು ತೋರಿಸಿದ. "ಮಾಮಾ, ಇದನ್ನ ತಗೋಬೇಕು ಅಂತ ಮಾಡೇನಿ." ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650, ಅಂದರೆ ಸುಮಾರು 650 ಸಿಸಿ ಇಂಜಿನ್ನಿನ ಬೈಕು. ಇಷ್ಟು ದಿನ ಅವನು ಓಡಿಸಿದ್ದು ಅವರಪ್ಪನ ಸ್ಪ್ಲೆಂಡರ್ ಒಂದೇ. ಆದರೂ ಇಎಂಐ ಲೆಕ್ಕ ಮುಗಿದಿತ್ತು, ಬಣ್ಣ ಆರಿಸಿ ಆಗಿತ್ತು. ಯಾವ ಸೈಲೆನ್ಸರ್ ಹಾಕಿಸಬೇಕು ಅನ್ನುವುದೂ ನಿಕ್ಕಿಯಾಗಿತ್ತು.

ನಾನು ಹ್ಞೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನನ್ನ 350ರ ಕೀಲಿ ಕೈಗೆ ಕೊಟ್ಟೆ. "ಗಾಡಿ ಹೊರಗ ತಗಿ ಅಳಿಯಾ. ಚಾಲೂ ಮಾಡಬ್ಯಾಡ, ಹಂಗ ತಗಿ" ಅಂದೆ.

ನಮ್ಮ ಮನೆ ಇರುವುದು ಹಳೇ ಹುಬ್ಬಳ್ಳಿಯ ಒಂದು ಸಣ್ಣ ಓಣಿಯಲ್ಲಿ. ಗಾಡಿ ಒಳಮುಖವಾಗಿ ನಿಂತಿರುತ್ತದೆ. ಹೊರಗೆ ತರಬೇಕಂದರೆ ಹಿಂದಕ್ಕೆ ನೂಕುತ್ತಾ ಒಂದು ಸಣ್ಣ ಏರು ಹತ್ತಿಸಬೇಕು. ಹುಡುಗ ಮೊದಲು ಕೂತುಕೊಂಡು ಕಾಲಿನಿಂದ ನೂಕಿದ. ಗಾಡಿ ಒಂದು ಗೇಣು ಹಿಂದೆ ಹೋಗಿ ಮತ್ತೆ ಮುಂದೆ ಬಂತು. ಇಳಿದು ಎಡಕ್ಕೆ ನಿಂತು, ಹ್ಯಾಂಡಲ್ ಹಿಡಿದು ಎಳೆದ. ಅರ್ಧ ಏರಿನಲ್ಲಿ ಗಾಡಿ ಅವನಿಂದ ಆಚೆ, ಬಲಕ್ಕೆ ವಾಲಿತು. ಅದು ಹೀಗೇ ಆಗುತ್ತದೆ ಅಂತ ಗೊತ್ತಿದ್ದುದರಿಂದ ನಾನು ಮೊದಲೇ ಆ ಕಡೆ ಹೋಗಿ ನಿಂತಿದ್ದೆ. ಹಿಡಿದುಕೊಂಡೆ.

"ಭಾಳ ವಜ್ಜ ಐತಿ ಮಾಮಾ."

"ಇದು 195 ಕಿಲೋ. ನಿನ್ನ ಫೋನ್‌ದಾಗ ಇರೋದು 218 ರ ಆಸುಪಾಸು."

ಓಡುವಾಗ ಯಾವ ಗಾಡಿಯೂ ವಜ್ಜ ಅನ್ನಿಸುವುದಿಲ್ಲ. 60ರಲ್ಲಿ ಹೋಗುತ್ತಿದ್ದರೆ 200 ಕಿಲೋದ ಗಾಡಿಯೂ ಸೈಕಲ್ ಇದ್ದ ಹಾಗೆ ಇರುತ್ತದೆ. ಅದರ ವಜ್ಜ ಗೊತ್ತಾಗುವುದು ನಿಂತಾಗ, ನಿಲ್ಲಿಸುವಾಗ, ತಿರುಗಿಸುವಾಗ, ಹಿಂದಕ್ಕೆ ತೆಗೆಯುವಾಗ. ಹೊಸಬರು ಗಾಡಿ ಕೆಡವುವುದೂ ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ಹಾಗಾಗಿ ಮೊದಲ ದೊಡ್ಡ ಗಾಡಿ ಆರಿಸುವವರಿಗೆ ನಾನು ಹೇಳುವ ಕ್ರಮ ಶೋರೂಮಿನವರು ಹೇಳುವ ಕ್ರಮಕ್ಕಿಂತ ಸ್ವಲ್ಪ ಬೇರೆ.

1. ಲೈಸೆನ್ಸ್ ತೆಗೆದು ಒಮ್ಮೆ ಓದಿ

ಸುಮ್ನೆ ಇದೆ ಅಂದುಕೊಳ್ಳಬೇಡಿ, ಪರ್ಸಿನಿಂದ ತೆಗೆದು ಓದಿ. ಅದರಲ್ಲಿ ಎಂಸಿಡಬ್ಲ್ಯುಜಿ ಅಂತ ಇರಬೇಕು, ಅಂದರೆ ಗೇರ್ ಇರುವ ಮೋಟಾರ್ ಸೈಕಲ್. ಸ್ಕೂಟಿ ಮೇಲೆ ಟೆಸ್ಟ್ ಕೊಟ್ಟು ಲೈಸೆನ್ಸ್ ತೆಗೆದವರ ಕಾರ್ಡಿನಲ್ಲಿ ಗೇರ್ ಇಲ್ಲದ ಗಾಡಿಯ ವರ್ಗ ಮಾತ್ರ ಇರಬಹುದು. ಹಾಗಿದ್ದರೆ ಅದೇ ಕಾರ್ಡಿಗೆ ಹೊಸ ವರ್ಗ ಸೇರಿಸಲು ಅರ್ಜಿ ಹಾಕಬೇಕು. ಲೈಸೆನ್ಸೇ ಇಲ್ಲದವರು ಮೊದಲು ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಬೇಕು. ಎಲ್‌ಎಲ್ ಸಿಕ್ಕು 30 ದಿನ ಆದ ಮೇಲೆ ಪಕ್ಕಾ ಲೈಸೆನ್ಸಿನ ಟೆಸ್ಟ್. ಎಲ್‌ಎಲ್ ಆರು ತಿಂಗಳವರೆಗೆ ನಡೆಯುತ್ತದೆ.

ಇಲ್ಲೊಂದು ವಿಷಯ. ಯುರೋಪಿನಲ್ಲಿ ಹರೆಯದ ಹೊಸಬರಿಗೆ ನೇರವಾಗಿ ದೊಡ್ಡ ಗಾಡಿ ಕೊಡುವುದಿಲ್ಲ. ಅಲ್ಲಿ ಲೈಸೆನ್ಸಿನಲ್ಲೇ ಮೆಟ್ಟಿಲುಗಳಿವೆ. ನಡುವಿನ ಮೆಟ್ಟಿಲಿನವರು 35 ಕಿಲೋವ್ಯಾಟ್, ಅಂದರೆ ಸುಮಾರು 47 ಹಾರ್ಸ್‌ಪವರ್ (ಎಚ್‌ಪಿ) ವರೆಗಿನ ಗಾಡಿ ಮಾತ್ರ ಓಡಿಸಬಹುದು. ನಮ್ಮ ಅಳಿಯ ಮೆಚ್ಚಿದ 650 ಸರಿಯಾಗಿ ಆ ಗೆರೆಯ ಮೇಲೇ ನಿಂತಿದೆ. ನಮ್ಮಲ್ಲಿ ಆ ಮೆಟ್ಟಿಲೇ ಇಲ್ಲ. ಸ್ಪ್ಲೆಂಡರ್ ಮೇಲೆ ಎಂಟು ಬರೆದು ಪಾಸಾದವನು ಅದೇ ಕಾರ್ಡ್ ಇಟ್ಟುಕೊಂಡು ಮಾರನೇ ದಿನ 1000 ಸಿಸಿ ಗಾಡಿ ಓಡಿಸಬಹುದು. ಸರ್ಕಾರ ತಡೆಯುವುದಿಲ್ಲ. ತಡೆದುಕೊಳ್ಳಬೇಕಾದವರು ನಾವೇ.

2. ಗಾಡಿ ಎಲ್ಲಿ ಓಡುತ್ತದೆ ಅಂತ ಬರೆದುಕೊಳ್ಳಿ

ಎಲ್ಲರ ತಲೆಯಲ್ಲೂ ಒಂದು ಲೇಹ್-ಲಡಾಖ್ ಇರುತ್ತದೆ, ಇರಲಿ. ಆದರೆ ಗಾಡಿಯ ಬದುಕೆಲ್ಲ ಸವೆಯುವುದು ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ. ಒಂದು ಹಾಳೆ ತೆಗೆದುಕೊಂಡು ಹೋದ ತಿಂಗಳು ನೀವು ಓಡಾಡಿದ ದಾರಿಗಳನ್ನು ಬರೆಯಿರಿ. ಆಸೆಪಟ್ಟದ್ದಲ್ಲ, ನಿಜವಾಗಿ ಹೋದದ್ದು.

ಹುಬ್ಬಳ್ಳಿಯಲ್ಲಿ ಮನೆ, ಧಾರವಾಡದಲ್ಲಿ ಕೆಲಸ ಅನ್ನುವವರು ತುಂಬ ಜನ. ಒಂದು ಕಡೆಗೆ 20 ಕಿಲೋಮೀಟರಿನಷ್ಟಾಗುತ್ತದೆ. ಒಳಗಿನ ಪಿ.ಬಿ. ರಸ್ತೆಯಲ್ಲಿ ನಡುವೆ ಚಿಗರಿ ಬಸ್ಸಿನ ದಾರಿ, ಎರಡೂ ಪಕ್ಕ ಉಳಿದವರೆಲ್ಲ. ಸಿಗ್ನಲ್ಲಿಗೊಮ್ಮೆ ನಿಲ್ಲಬೇಕು. ಇಲ್ಲಿ ನಿಮ್ಮ 40 ಎಚ್‌ಪಿ ಏನೂ ಮಾಡುವುದಿಲ್ಲ. ಬೇಕಾದದ್ದು ಹಗುರ ಕ್ಲಚ್, ಕಡಿಮೆ ಬಿಸಿ, ಚಿಕ್ಕ ಜಾಗದಲ್ಲಿ ತಿರುಗುವ ಹ್ಯಾಂಡಲ್. ಏಪ್ರಿಲ್ ತಿಂಗಳ ಮಧ್ಯಾಹ್ನ ಚೆನ್ನಮ್ಮ ಸರ್ಕಲ್ಲಿನಲ್ಲಿ ದೊಡ್ಡ ಇಂಜಿನ್ನಿನ ಮೇಲೆ ಐದು ನಿಮಿಷ ಕೂತರೆ ಮೊಣಕಾಲಿಗೆ ಉತ್ತರ ಸಿಗುತ್ತದೆ.

ಬೈಪಾಸಿನ ಮಾತೇ ಬೇರೆ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಬಹಳ ವರ್ಷ ಡಿವೈಡರ್ ಇಲ್ಲದ ಎರಡೇ ಲೇನಿನ ರಸ್ತೆಯಾಗಿತ್ತು. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ಆದ ಅಪಘಾತವನ್ನು ಈ ಭಾಗದವರು ಮರೆತಿಲ್ಲ. ಅಂಥ ರಸ್ತೆಯಲ್ಲಿ ಲಾರಿ ದಾಟುವಾಗ ಎದುರು ಲೇನಿನಲ್ಲಿ ಎಷ್ಟು ಹೊತ್ತು ಇರುತ್ತೀರಿ ಅನ್ನುವುದು ಮುಖ್ಯ. ಅಲ್ಲಿ ಪಿಕಪ್ ಇರುವ ಗಾಡಿ ನಿಜವಾಗಿ ಸಹಾಯಕ್ಕೆ ಬರುತ್ತದೆ. ವಾರಕ್ಕೆ ಎರಡು ಸಲ ಹಾವೇರಿ, ರಾಣೇಬೆನ್ನೂರು ಕಡೆ 48ರ ಹೆದ್ದಾರಿಯಲ್ಲಿ ಹೋಗುವವರು 350ಕ್ಕಿಂತ ಸ್ವಲ್ಪ ಮೇಲಿನ ಇಂಜಿನ್ ಕೇಳಿದರೆ ನಾನು ತಪ್ಪು ಅನ್ನುವುದಿಲ್ಲ. 20 ಎಚ್‌ಪಿಯ 350 ಗಾಡಿ 80ರಲ್ಲಿ ಹಾಯಾಗಿ ಹೋಗುತ್ತದೆ. ನೂರರ ಮೇಲೆ ಒತ್ತಾಯ ಮಾಡಿದರೆ ಹೋಗುತ್ತದೆ, ಆದರೆ ಅದಕ್ಕೂ ಖುಷಿ ಇರುವುದಿಲ್ಲ, ನಿಮಗೂ ಇರುವುದಿಲ್ಲ.

ಗದಗ ಕಡೆಯವರು ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಪ್ಪತಗುಡ್ಡದ ಸುತ್ತ ಅಷ್ಟೊಂದು ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲವಲ್ಲ. ಮುಂಗಾರಿನ ಹೊತ್ತಿಗೆ ಬಯಲಿನಲ್ಲಿ ಅಡ್ಡಗಾಳಿ ಹೊಡೆದಾಗ, ಅದರ ಜೊತೆ ಎದುರಿನ ಲಾರಿ ದಾಟಿದಾಗ, ಹಗುರ ಗಾಡಿ ಒಂದು ಮೊಳ ಪಕ್ಕಕ್ಕೆ ಸರಿಯುತ್ತದೆ. ವಜ್ಜದಿಂದ ಲಾಭ ಇರುವುದು ಇಲ್ಲಿ ಮಾತ್ರ.

ಇನ್ನು ಎರಿ ನೆಲದವರು, ಅಂದರೆ ಕಪ್ಪು ಮಣ್ಣಿನವರು. ಅಣ್ಣಿಗೇರಿ, ನವಲಗುಂದ, ನರಗುಂದದವರಿಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಮಳೆ ಬಿದ್ದ ಮೇಲೆ ಹೊಲದ ದಾರಿಗೆ ದೊಡ್ಡ ಗಾಡಿ ಇಳಿಸಬೇಡಿ. ಎರಿ ಮಣ್ಣು ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡಿನ ಒಳಗೆ ತುಂಬುತ್ತದೆ. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಸ್ಪ್ಲೆಂಡರ್ ಆದರೆ ಇಬ್ಬರು ಸೇರಿ ಎತ್ತಿ ಬದುವಿನ ಮೇಲೆ ಇಡಬಹುದು, ಅದು 112 ಕಿಲೋ. ಸುಮಾರು 200 ಕಿಲೋದ ಗಾಡಿಯಾದರೆ ಮಳೆಯಲ್ಲಿ, ಕಡ್ಡಿ ಹಿಡಿದು ಮಣ್ಣು ಕೆರೆಯುತ್ತಾ ಕೂರಬೇಕಾಗುತ್ತದೆ. 'ಅಡ್ವೆಂಚರ್' ಅಂತ ಹೆಸರಿರುವ ಗಾಡಿಗೂ ಇದೇ ಗತಿ. ಜಾಹೀರಾತಿನಲ್ಲಿ ತೋರಿಸುವುದು ಮರಳು, ಎರಿ ಅಲ್ಲ. ಮನೆಯ ಹಳೇ ಸ್ಪ್ಲೆಂಡರನ್ನು ಮಾರದೆ ಹೊಲಕ್ಕೆ ಇಟ್ಟುಕೊಳ್ಳಿ.

3. ವಜ್ಜ ಮತ್ತು ಸೀಟಿನ ಎತ್ತರ

ಈಗ ಅಂಕಿಗಳು. ಪೆಟ್ರೋಲ್, ಆಯಿಲ್ ಎಲ್ಲ ತುಂಬಿದ ತೂಕ ನೋಡಿ, ಕಂಪನಿಯವರು ಅದನ್ನು ಕರ್ಬ್ ವೇಟ್ ಅನ್ನುತ್ತಾರೆ. ಕ್ಲಾಸಿಕ್ 350 ಮತ್ತು ಬುಲೆಟ್ 350 ಎರಡೂ 195 ಕಿಲೋ. ಮೀಟಿಯರ್ 350 ಇದಕ್ಕಿಂತ ಸ್ವಲ್ಪ ಕಡಿಮೆ, 191. ಹಂಟರ್ 350 ಮತ್ತು ಹೋಂಡಾ ಹೈನೆಸ್ 181. ಡೊಮಿನಾರ್ 400 ಅಂದರೆ 193. ಟ್ರಯಂಫ್ ಸ್ಪೀಡ್ 400 ಮಾತ್ರ 180ರ ಒಳಗೆ ಇದೆ. ಹಿಮಾಲಯನ್ 450 ಸುಮಾರು 196. ಗಮನಿಸಿದಿರಾ? 400 ಸಿಸಿ ಗಾಡಿ 350ಕ್ಕಿಂತ ಹಗುರ ಇದೆ. ಅದಕ್ಕೇ ಸಿಸಿ ನೋಡಿ ದೊಡ್ಡದು ಚಿಕ್ಕದು ಅನ್ನಬಾರದು.

ಸೀಟಿನ ಎತ್ತರ ಇನ್ನೊಂದು. ಮೀಟಿಯರ್ 765 ಮಿಲಿಮೀಟರ್, ಹಂಟರ್ 790, ಕ್ಲಾಸಿಕ್ 805, ಹಿಮಾಲಯನ್ 450 ಅಂದರೆ 825. ಐದಡಿ ಎರಡಿಂಚಿನ ನನ್ನ ತಂಗಿ ಮೀಟಿಯರ್ ಮೇಲೆ ಎರಡೂ ಪಾದ ಪೂರ್ತಿ ಊರುತ್ತಾಳೆ. ಕ್ಲಾಸಿಕ್ ಮೇಲೆ ಅವಳದು ತುದಿಗಾಲು. ಬರೀ ಅಂಕಿ ನೋಡಿದರೂ ಸಾಲದು, ಸೀಟು ಅಗಲ ಇದ್ದರೆ ತೊಡೆ ಹರಡಿಕೊಂಡು ಕಾಲು ಗಿಡ್ಡವಾಗುತ್ತದೆ. ಹಾಗಾಗಿ ಶೋರೂಮಿಗೆ ಚಪ್ಪಲಿಯಲ್ಲಿ ಹೋಗಬೇಡಿ. ದಿನಾ ಹಾಕುವ ಶೂ ಹಾಕಿಕೊಂಡು ಹೋಗಿ, ಕೂತು ನೋಡಿ. ಎರಡೂ ಪಾದದ ಮುಂದಿನ ಅರ್ಧವಾದರೂ ನೆಲಕ್ಕೆ ಗಟ್ಟಿಯಾಗಿ ಕೂರಬೇಕು. ಒಂದೇ ಕಾಲು ಊರಿದರೂ ಸಾಕು ಅಂತ ಪಳಗಿದವರು ಹೇಳುತ್ತಾರೆ. ಅವರಿಗೆ ಅದು ನಿಜ, ನಿಮಗೆ ಇನ್ನೂ ಒಂದು ವರ್ಷ ನಿಜ ಅಲ್ಲ.

ಕೂತ ಮೇಲೆ ಮೂರು ಪರೀಕ್ಷೆ ಮಾಡಿ. ಸೈಡ್ ಸ್ಟ್ಯಾಂಡಿನಿಂದ ಗಾಡಿಯನ್ನು ನೆಟ್ಟಗೆ ಮಾಡಿ. ಇಳಿದು, ಇಂಜಿನ್ ಚಾಲೂ ಮಾಡದೆ ಹತ್ತು ಹೆಜ್ಜೆ ಹಿಂದಕ್ಕೆ ನೂಕಿ. ಆಮೇಲೆ ಹ್ಯಾಂಡಲ್ ಪೂರ್ತಿ ತಿರುಗಿಸಿ ಹಾಗೇ ಒಂದು ಸುತ್ತು ನೂಕಿ. ಸೇಲ್ಸ್ ಹುಡುಗ "ಅಣ್ಣಾರ, ನಾವ್ ತಗೀತೀವ್ರಿ ಬಿಡ್ರಿ" ಅನ್ನುತ್ತಾನೆ. ಬಿಡಬೇಡಿ. ದಿನಾ ಬೆಳಿಗ್ಗೆ ನಿಮ್ಮ ಮನೆಗೆ ಅವನು ಬರುವುದಿಲ್ಲ.

ಇದನ್ನೆಲ್ಲ ಕಲಿಸಿದ್ದು ನನಗೆ ನನ್ನದೇ ಗಾಡಿ. ತಗೊಂಡು ಮೂರನೇ ವಾರ. ಧಾರವಾಡದಿಂದ ಬರುತ್ತಿದ್ದೆ. ನವನಗರದ ಹತ್ತಿರ ಫೋನ್ ಬಂತು ಅಂತ ಪಕ್ಕಕ್ಕೆ ತೆಗೆದುಕೊಂಡೆ. ಡಾಂಬರು ಮುಗಿದು ಜಲ್ಲಿ ಇತ್ತು, ಎಡಕ್ಕೆ ಸ್ವಲ್ಪ ಇಳಿಜಾರು. ನಡಿಗೆಯ ವೇಗದಲ್ಲಿ ಹ್ಯಾಂಡಲ್ ಎಡಕ್ಕೆ ತಿರುಗಿಸಿದ್ದೆ, ಹಾಗೇ ಮುಂದಿನ ಬ್ರೇಕ್ ಹಿಡಿದೆ. ತಿರುಗಿದ ಗಾಲಿಗೆ ಬ್ರೇಕ್ ಬಿದ್ದರೆ ಗಾಡಿಯ ವಜ್ಜವೆಲ್ಲ ಆ ಕಡೆಗೆ ಬೀಳುತ್ತದೆ ಅಂತ ಆಗ ಗೊತ್ತಿರಲಿಲ್ಲ. ಎಡಗಾಲು ಊರಿದೆ, ಜಲ್ಲಿ ಜಾರಿತು. ಒಂದು ಕ್ಷಣ ಹಿಡಿದುಕೊಂಡೆ ಅಂತಲೇ ಅನ್ನಿಸಿತು. ಆಮೇಲೆ ಗಾಡಿ ನಿಧಾನಕ್ಕೆ, ಮುದಿ ಎಮ್ಮೆ ಮಲಗುವ ಹಾಗೆ ಮಲಗಿತು. ಕ್ಲಚ್ ಲಿವರ್ ಮುರಿಯಿತು, ಕನ್ನಡಿ ಒಡೆಯಿತು. ಚಹಾ ಅಂಗಡಿಯಿಂದ ಇಬ್ಬರು ಓಡಿ ಬಂದು ಎತ್ತಿದರು. ಅದರಲ್ಲಿ ಒಬ್ಬರು ವಯಸ್ಸಾದವರು, "ಎಲ್ಲೂ ಹತ್ತಲಿಲ್ಲ ಹೌದಿಲ್ಲೋ ತಮ್ಮಾ" ಅಂತ ಎರಡು ಸಲ ಕೇಳಿದರು. ಗಾಯ ಏನೂ ಇರಲಿಲ್ಲ, ಮರ್ಯಾದೆ ಮಾತ್ರ ಹೋಗಿತ್ತು.

4. ಎಷ್ಟು ಪವರ್ ಬೇಕು

ಸ್ಪ್ಲೆಂಡರಿನದು ಸುಮಾರು 8 ಎಚ್‌ಪಿ. ರಾಯಲ್ ಎನ್‌ಫೀಲ್ಡ್, ಹೋಂಡಾದ 350ಗಳು 20-21. ಸ್ಪೀಡ್ 400, ಡೊಮಿನಾರ್, ಹಿಮಾಲಯನ್ 450 ಇವೆಲ್ಲ 40ರ ಹತ್ತಿರ. 390 ಡ್ಯೂಕ್ 46. ಅಂದರೆ 8ರಿಂದ 20ಕ್ಕೆ ಹೋದರೂ ನೀವು ಎರಡೂವರೆ ಪಟ್ಟು ಮೇಲೆ ಹೋಗಿದ್ದೀರಿ. 40ಕ್ಕೆ ಹಾರಿದರೆ ಐದು ಪಟ್ಟು.

ಪವರ್ ಎಷ್ಟಿದೆ ಅನ್ನುವುದಕ್ಕಿಂತ ಅದು ಹೇಗೆ ಬರುತ್ತದೆ ಅನ್ನುವುದನ್ನು ನೋಡಿ. 350 ಕ್ಲಾಸಿಕ್ಕಿನ ಎಳೆತ 4000 ಆರ್‌ಪಿಎಂನಲ್ಲೇ ತುದಿ ಮುಟ್ಟುತ್ತದೆ. ಆಕ್ಸಿಲರೇಟರ್ ತಪ್ಪಿ ಜಾಸ್ತಿ ತಿರುಗಿದರೂ ಗಾಡಿ ಗಾಬರಿ ಮಾಡುವುದಿಲ್ಲ. 390ರಂಥ ಇಂಜಿನ್ ಕೆಳಗೆ ಸುಮ್ಮನಿದ್ದು ಮೇಲೆ ಹೋದ ಹಾಗೆ ಒಮ್ಮೆಲೇ ಎದ್ದು ಬರುತ್ತದೆ. ಕೈ ಪಳಗದವರಿಗೆ ಗುಂಡಿ ಹಾರಿದಾಗ ಮಣಿಕಟ್ಟು ತಾನಾಗಿಯೇ ಆಕ್ಸಿಲರೇಟರ್ ತಿರುಗಿಸಿಬಿಡುತ್ತದೆ. 20 ಎಚ್‌ಪಿ ಗಾಡಿ ಆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ನನ್ನ ಮಟ್ಟಿಗೆ, ಬರೀ 100-125 ಸಿಸಿ ಓಡಿಸಿದವರು 350ಕ್ಕೆ ಬರಲಿ. 150-200 ಸಿಸಿ ಎರಡು ವರ್ಷ ಓಡಿಸಿದವರಿಗೆ 400 ಅಡ್ಡಿಯಿಲ್ಲ. 650 ಎರಡನೇ ದೊಡ್ಡ ಗಾಡಿ, ಮೊದಲನೆಯದಲ್ಲ. ಅಪ್ಪನ ಕಾಲದವರು ಮೈಸೂರಿನ ಯೆಜ್ಡಿ 250 ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಚೀಲ ಜೋಳ ಹೇರಿಕೊಂಡು ಹೋಗುತ್ತಿದ್ದರು ಅನ್ನುವುದನ್ನೂ ಒಮ್ಮೆ ನೆನಪಿಸಿಕೊಳ್ಳಿ. (ಹಾಗೆ ಹೋಗಿ ಅಂತ ಹೇಳುತ್ತಿಲ್ಲ.)

5. ದುಡ್ಡಿನ ಲೆಕ್ಕ

ಜಾಹೀರಾತಿನ ಬೆಲೆ ಎಕ್ಸ್-ಶೋರೂಮ್. ಕೈಯಿಂದ ಹೋಗುವುದು ಆನ್-ರೋಡ್. ನಡುವೆ ಇರುವ ಅಂತರ ನಮ್ಮ ರಾಜ್ಯದಲ್ಲಿ ದೊಡ್ಡದು. ಒಂದು ಲಕ್ಷ ದಾಟಿದ ಬೈಕಿಗೆ ಆಜೀವ ತೆರಿಗೆಯೇ ಶೇ 18, ಅದರ ಮೇಲೆ ಸೆಸ್ ಬೇರೆ. ಎರಡು ಲಕ್ಷದ ಗಾಡಿ ಅಂದರೆ ತೆರಿಗೆಯೊಂದೇ 36 ಸಾವಿರ ದಾಟುತ್ತದೆ.

ಇಲ್ಲಿ 350 ಸಿಸಿ ಒಂದು ಗಟ್ಟಿ ಗೆರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18 ಆಗಿದೆ, ಅದಕ್ಕಿಂತ ಮೇಲಿನದಕ್ಕೆ ಶೇ 40. ಇನ್ಶೂರೆನ್ಸಿನಲ್ಲೂ ಅದೇ ಗೆರೆ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. 2022ರಲ್ಲಿ ನಿಗದಿಯಾದ ದರದ ಪ್ರಕಾರ 150ರಿಂದ 350 ಸಿಸಿ ಗಾಡಿಗೆ ಅದು 7,365 ರೂಪಾಯಿ. 350 ದಾಟಿದರೆ 15,117. ಅಂದರೆ 349 ಸಿಸಿ ಗಾಡಿಗೂ 398 ಸಿಸಿ ಗಾಡಿಗೂ ನಡುವೆ 49 ಸಿಸಿ ಅಷ್ಟೇ ಅಲ್ಲ, ಎರಡು ಕಡೆ ತೆರುವ ವ್ಯತ್ಯಾಸ ಇದೆ.

ಶೋರೂಮಿನಲ್ಲಿ ಕೊಟೇಶನ್ ಕೇಳುವಾಗ ಒಂದೊಂದು ಸಾಲನ್ನೂ ಬಿಡಿಸಿ ಬರೆಸಿಕೊಳ್ಳಿ. 'ಹ್ಯಾಂಡ್ಲಿಂಗ್', 'ಆಕ್ಸೆಸರಿಸ್ ಪ್ಯಾಕ್' ಅಂತ ಇದ್ದರೆ ಬೆರಳಿಟ್ಟು ಕೇಳಿ. ನನ್ನ ಕೊಟೇಶನ್ನಿನಲ್ಲಿ ನಾನು ಕೇಳದ ಕ್ರ್ಯಾಶ್ ಗಾರ್ಡ್, ಸೀಟ್ ಕವರ್, ಕೊನೆಗೆ ಒಂದು ಕೀ ಚೈನಿಗೂ ರೇಟು ಇತ್ತು. ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕು ಅಂತೇನೂ ಇಲ್ಲ. ಹೊರಗಿನ ರೇಟು ಮೊದಲೇ ನೋಡಿಕೊಂಡು ಹೋಗಿ.

ಒಟ್ಟು ಬಜೆಟ್ಟಿನಲ್ಲಿ 15ರಿಂದ 20 ಸಾವಿರ ಮೈಮೇಲಿನ ಸಾಮಾನಿಗೆ ಅಂತ ಬೇರೆ ತೆಗೆದಿಡಿ. ಐಎಸ್‌ಐ ಗುರುತಿನ, ಗದ್ದ ಮುಚ್ಚುವ ಪೂರ್ತಿ ಹೆಲ್ಮೆಟ್. ತೊಟ್ಟಾಗ ಗಲ್ಲ ಒತ್ತಬೇಕು, ಹಣೆ ನೋಯಬಾರದು. ಗ್ಲೌಸು, ಹಿಮ್ಮಡಿ ಗಂಟು ಮುಚ್ಚುವ ಶೂ, ಜಾಳಿಗೆ ಬಟ್ಟೆಯ ಜಾಕೆಟ್. ನಮ್ಮ ಬಿಸಿಲಿಗೆ ತೊಗಲಿನ ಜಾಕೆಟ್ ತಗೊಂಡವರು ಒಂದು ಸಲ ಹಾಕಿ ಗೋದ್ರೇಜಿನಲ್ಲಿ ಇಡುತ್ತಾರೆ. ಬಜೆಟ್ ಸಾಲದೇ ಹೋದರೆ ಗಾಡಿಯ ಒಂದು ವೇರಿಯಂಟ್ ಕೆಳಗಿಳಿಯಿರಿ, ಹೆಲ್ಮೆಟ್ಟಿನಲ್ಲಿ ಇಳಿಯಬೇಡಿ.

6. ಟೆಸ್ಟ್ ರೈಡ್

ಗೋಕುಲ ರೋಡಿನಲ್ಲಿ ನೆಟ್ಟಗೆ ಒಂದು ಕಿಲೋಮೀಟರ್ ಹೋಗಿ ಬಂದರೆ ಅದು ಟೆಸ್ಟ್ ಅಲ್ಲ, ಮೆರವಣಿಗೆ. ಕೊನೇಪಕ್ಷ ಅರ್ಧ ಗಂಟೆ ಕೇಳಿ. ಸಂಜೆ ಟ್ರಾಫಿಕ್ ಇರುವ ಹೊತ್ತಿಗೇ ಹೋಗಿ. ಒಂದು ಕಡೆ ಯು-ಟರ್ನ್ ಮಾಡಿ, ಒಂದು ಕಡೆ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿ, ಸಾಧ್ಯವಾದರೆ ಹಿಂದೆ ಒಬ್ಬರನ್ನು ಕೂರಿಸಿ. ಹಿಂದೆ ಕೂರುವವರು ಮನೆಯವರೇ ಆದರೆ ಅವರನ್ನೇ ಕರೆದುಕೊಂಡು ಹೋಗಿ. ಹಿಂದಿನ ಸೀಟು ಹಲಗೆಯಂತಿರುವ ಗಾಡಿಗಳು ಬಹಳ ಇವೆ, ಆ ಮಾತು ಕೊಂಡ ಮೇಲೆ ಹತ್ತು ವರ್ಷ ಕೇಳಬೇಕಾಗುತ್ತದೆ. ಬಂದ ಮೇಲೆ ಎಡ ಅಂಗೈ ನೋಡಿಕೊಳ್ಳಿ. ಹೆಬ್ಬೆರಳ ಬುಡ ನೋಯುತ್ತಿದ್ದರೆ ಕ್ಲಚ್ ನಿಮಗೆ ಬಿಗಿ. ಒಂದೇ ದಿನ ಎರಡು ಬೇರೆ ಗಾಡಿ ಓಡಿಸಿದರೆ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

7. ಸೆಕೆಂಡ್ ಹ್ಯಾಂಡ್ ಆದರೆ

ಮೊದಲ ದೊಡ್ಡ ಗಾಡಿ ಹೇಗಿದ್ದರೂ ಒಮ್ಮೆ ಬೀಳುತ್ತದೆ. ಬೀಳುವ ಗಾಡಿ ಹಳೆಯದಾಗಿದ್ದರೆ ಹೊಟ್ಟೆ ಉರಿ ಕಡಿಮೆ. ಅದಕ್ಕೇ ನಾನು ಸೆಕೆಂಡ್ ಹ್ಯಾಂಡ್ ಪರ. ಆದರೆ ನೋಡಿ ತಗೊಳ್ಳಬೇಕು.

ನೋಡಲು ಹೋದ ಕೂಡಲೇ ಇಂಜಿನ್ನಿನ ಹತ್ತಿರ ಕೈ ಹಿಡಿಯಿರಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಯಾರೋ ಚಾಲೂ ಮಾಡಿಟ್ಟಿದ್ದಾರೆ. ತಣ್ಣಗಿರುವಾಗ ಹೇಗೆ ಚಾಲೂ ಆಗುತ್ತದೆ ಅನ್ನುವುದನ್ನೇ ನೀವು ನೋಡಬೇಕಾಗಿದ್ದದ್ದು. ಮುಂದಿನ ಶಾಕ್‌ಗಳ ಮೇಲೆ ಬೆರಳು ಎಳೆಯಿರಿ, ಎಣ್ಣೆ ಹತ್ತಿದರೆ ಸೀಲ್ ಹೋಗಿದೆ. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ, ಹ್ಯಾಂಡಲಿನ ಬುಡದಲ್ಲಿ ಟಕ್ ಅಂದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಖರ್ಚು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2321 ಅಂದರೆ 2021ನೇ ಇಸವಿಯ 23ನೇ ವಾರ ತಯಾರಾದದ್ದು. ಹಲ್ಲು ಸವೆಯದಿದ್ದರೂ ಐದಾರು ವರ್ಷ ದಾಟಿದ ಟೈರ್ ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಹಿಡಿಯುವುದಿಲ್ಲ. ಬದಲಾಯಿಸುವ ದುಡ್ಡನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇದೆಯಾ ನೋಡಿ. ಇದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾಯಿಸಲು ಫಾರ್ಮ್ 29 ಮತ್ತು 30. ನಂಬರ್ ಪ್ಲೇಟ್ ಕೆಎ 25, 26, 27, 63 ಯಾವುದೇ ಇರಲಿ, ರಾಜ್ಯದ ಒಳಗಿನ ಗಾಡಿಯಾದರೆ ತೆರಿಗೆ ತಾಪತ್ರಯ ಇಲ್ಲ.

ತಾಪತ್ರಯ ಇರುವುದು ಗೋವಾ ಗಾಡಿಯಲ್ಲಿ. ನಮಗೆ ಗೋವಾ ಹತ್ತಿರ, ಅಲ್ಲಿ ಗಾಡಿ ಸೋವಿ. "ಜಿಎ ಪಾಸಿಂಗ್, ನಲವತ್ತು ಸಾವಿರ ಕಡಿಮಿ ನೋಡ್ರಿ" ಅನ್ನುವ ಮಾತು ಹುಬ್ಬಳ್ಳಿಯ ಪ್ರತಿ ಗ್ಯಾರೇಜಿನಲ್ಲೂ ಕೇಳುತ್ತದೆ. ಕಡಿಮೆ ಇರುವುದು ಯಾಕೆಂದರೆ ಆ ಗಾಡಿಗೆ ನಮ್ಮ ರಾಜ್ಯದ ತೆರಿಗೆ ಕಟ್ಟಿಲ್ಲ. ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಮಾಡಿಸಲೇಬೇಕು, ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ಬೇಕು, ಇಲ್ಲಿ ತೆರಿಗೆ ಕಟ್ಟಬೇಕು. ಉಳಿದ ನಲವತ್ತು ಸಾವಿರದಲ್ಲಿ ಎಷ್ಟು ಉಳಿಯಿತು ಅಂತ ಆಗ ಎಣಿಸಿ ನೋಡಿ.

8. ಗಾಡಿ ಮನೆಗೆ ಬಂದ ಮೇಲೆ

ಪೂಜೆ ಮುಗಿಸಿ ನೇರ ದಾಂಡೇಲಿಗೆ ಹೊರಡಬೇಡಿ. ನಮ್ಮ ಎರಡೂ ಊರಿನ ಹೊರಗೆ ರಸ್ತೆ ಮಾಡಿ ಮನೆ ಕಟ್ಟದ ಲೇಔಟುಗಳು ಬೇಕಾದಷ್ಟಿವೆ. ನಾಲ್ಕು ಭಾನುವಾರ ಬೆಳಿಗ್ಗೆ ಅಲ್ಲಿ ಕಳೆಯಿರಿ. ಮಾಡಬೇಕಾದ್ದು ಮೂರೇ.

ಒಂದು, ನಿಧಾನ. ಅರ್ಧ ಕ್ಲಚ್ ಹಿಡಿದು, ಹಿಂದಿನ ಬ್ರೇಕ್ ಸ್ವಲ್ಪ ತುಳಿದು, ನಡೆಯುವ ವೇಗದಲ್ಲಿ ದುಂಡಗೆ ತಿರುಗಿ. ಮುಂದಿನ ಬ್ರೇಕಿನಿಂದ ಬೆರಳು ತೆಗೆದಿಡಿ, ನವನಗರದ ನನ್ನ ಕಥೆ ನೆನಪಿರಲಿ. ಗಾಲಿಯ ಮುಂದೆ ನೋಡಬೇಡಿ, ಹೋಗಬೇಕಾದ ಕಡೆ ಕತ್ತು ತಿರುಗಿಸಿ ನೋಡಿ. ಗಾಡಿ ಕಣ್ಣಿನ ಹಿಂದೆ ಬರುತ್ತದೆ.

ಎರಡು, ಬ್ರೇಕ್. ನಮ್ಮವರಿಗೆ ಹಿಂದಿನ ಬ್ರೇಕ್ ಒಂದೇ ಅಭ್ಯಾಸ, ಮುಂದಿನದು ಹಿಡಿದರೆ ಮುಗ್ಗರಿಸುತ್ತದೆ ಅಂತ ಚಿಕ್ಕಂದಿನಿಂದ ಹೆದರಿಸಿರುತ್ತಾರೆ. ನಿಜ ಹೇಳಬೇಕಂದರೆ ಗಾಡಿ ನೆಟ್ಟಗೆ ಹೋಗುವಾಗ ನಿಲ್ಲಿಸುವ ಶಕ್ತಿಯಲ್ಲಿ ಮುಕ್ಕಾಲಿನ ಹತ್ತಿರ ಮುಂದಿನ ಬ್ರೇಕಿನದೇ. 30ರಲ್ಲಿ ಶುರು ಮಾಡಿ, ಎರಡೂ ಒಟ್ಟಿಗೆ, ಹಸುವಿನ ಮೊಲೆ ಹಿಂಡುವ ಹಾಗೆ ಹಂತಹಂತವಾಗಿ ಬಿಗಿ ಮಾಡಿ. ಆಮೇಲೆ 40, 50. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಗಾಡಿಗೆ ಎಬಿಎಸ್ (ಗಟ್ಟಿ ಬ್ರೇಕ್ ಹಿಡಿದರೂ ಗಾಲಿ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಕಡ್ಡಾಯ. ಅದು ಕೆಲಸ ಮಾಡುವಾಗ ಲಿವರ್ ನಡುಗುತ್ತದೆ. ಆ ನಡುಕ ಖಾಲಿ ಲೇಔಟಿನಲ್ಲೇ ಒಮ್ಮೆ ಗೊತ್ತಾಗಲಿ, ಬೈಪಾಸಿನಲ್ಲಿ ಮೊದಲ ಸಲ ಗೊತ್ತಾದರೆ ಹೆದರಿ ಬಿಟ್ಟುಬಿಡುತ್ತೀರಿ.

ಮೂರು, ಬಿದ್ದ ಗಾಡಿ ಎತ್ತುವುದು. ಇದನ್ನು ಯಾರೂ ಕಲಿಸುವುದಿಲ್ಲ. ಗಾಡಿ ಬಲಕ್ಕೆ ಬಿದ್ದಿದೆ ಅನ್ನಿ. ಮೊದಲು ಇಂಜಿನ್ ಬಂದ್ ಮಾಡಿ. ಸೈಡ್ ಸ್ಟ್ಯಾಂಡ್ ಎಡಕ್ಕೆ, ಅಂದರೆ ಈಗ ಮೇಲಿದೆ. ಅದನ್ನು ಈಗಲೇ ತೆರೆದಿಡಿ, ಇಲ್ಲದಿದ್ದರೆ ಎತ್ತಿದ ಗಾಡಿ ಆಚೆ ಕಡೆ ಬೀಳುತ್ತದೆ. ಉರುಳದಂತೆ ಗೇರಿನಲ್ಲಿ ಇಡಿ. ಹ್ಯಾಂಡಲನ್ನು ಬಿದ್ದ ಕಡೆಗೇ ಪೂರ್ತಿ ತಿರುಗಿಸಿ, ಹಿಡಿಕೆ ಟ್ಯಾಂಕಿನ ಹತ್ತಿರ ಬರುತ್ತದೆ. ಈಗ ಗಾಡಿಗೆ ಬೆನ್ನು ಮಾಡಿ, ಕುಂಡೆಯನ್ನು ಸೀಟಿನ ಅಂಚಿಗೆ ಒತ್ತಿ ಕುಕ್ಕರಗಾಲಲ್ಲಿ ಕೂರಿ. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಹಿಂದಿನ ಕಂಬಿ. ಬೆನ್ನು ನೆಟ್ಟಗಿಟ್ಟು, ಕಾಲಿನ ಬಲದಿಂದ ಹಿಂದಕ್ಕೆ ಒತ್ತುತ್ತಾ ಸಣ್ಣ ಸಣ್ಣ ಹೆಜ್ಜೆ ಇಡಿ. ಹಳ್ಳಿಯಲ್ಲಿ ಜೋಳದ ಚೀಲ ಬೆನ್ನಿಗೆ ತೆಗೆದುಕೊಳ್ಳುವವರಿಗೆ ಇದು ಕೂಡಲೇ ಬರುತ್ತದೆ. ಬಗ್ಗಿ ಹ್ಯಾಂಡಲ್ ಹಿಡಿದು ಎಳೆಯುವವರ ಸೊಂಟ ಹಿಡಿದುಕೊಳ್ಳುತ್ತದೆ. ಎಡಕ್ಕೆ ಬಿದ್ದರೆ ಸ್ಟ್ಯಾಂಡ್ ಕೆಳಗೆ ಸಿಕ್ಕಿರುತ್ತದೆ, ಆಗ ನೆಟ್ಟಗಾದ ಕೂಡಲೇ ಒತ್ತುವುದನ್ನು ನಿಲ್ಲಿಸಬೇಕು. ಅಭ್ಯಾಸಕ್ಕೆ ಹಳೇ ಚಾಪೆ, ಗೋಣಿಚೀಲ ಹಾಸಿ ಅದರ ಮೇಲೆ ಗಾಡಿಯನ್ನು ಇಬ್ಬರು ಸೇರಿ ಮಲಗಿಸಿ.

ಮೊದಲ ಸರ್ವಿಸ್ ತಪ್ಪಿಸಬೇಡಿ. ರಾಯಲ್ ಎನ್‌ಫೀಲ್ಡ್ 350 ಆದರೆ ಅದು 500 ಕಿಲೋಮೀಟರಿಗೆ ಬರುತ್ತದೆ. ಅಲ್ಲಿಯವರೆಗೆ ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ಪೂರ್ತಿ ಆಕ್ಸಿಲರೇಟರ್ ಬೇಡ.

ಅಳಿಯನ ವಿಷಯ ಕೇಳುತ್ತೀರಾ? ಆ ಭಾನುವಾರದ ನಂತರ ಮೂರು ವಾರ ಸತತ ಬಂದ. ನನ್ನ ಗಾಡಿಯನ್ನೇ ಲೇಔಟಿಗೆ ಒಯ್ದ. ಗೋಣಿಚೀಲದ ಮೇಲಿಂದ ಎರಡು ಸಲ ಎತ್ತಿದ, ಎರಡನೇ ಸಲ ನಾನು ಕೈ ಹಚ್ಚಲಿಲ್ಲ. ಹೋದ ವಾರ ಓಣಿಯಿಂದ ಗಾಡಿಯನ್ನು ಹಿಂದಕ್ಕೆ ನೂಕಿ ಒಬ್ಬನೇ ಏರು ಹತ್ತಿಸಿದ. ಈಗ ಅವನ ಫೋನಿನಲ್ಲಿ ಕೆಎ 26 ನಂಬರಿನ ಮೂರು ವರ್ಷದ ಒಂದು ಹಂಟರ್ ಇದೆ. ಶನಿವಾರ ಗದಗಿಗೆ ಹೋಗಿ ನೋಡಿ ಬರುವುದು ಅಂತ ಆಗಿದೆ. ನಾವು ಹೋಗುವವರೆಗೆ ಇಂಜಿನ್ ಚಾಲೂ ಮಾಡಬೇಡಿ ಅಂತ ಮಾರುವವರಿಗೆ ಹೇಳು ಅಂದಿದ್ದೇನೆ. ಅವರು ಮಾಡಿಯೇ ಮಾಡುತ್ತಾರೆ ಬಿಡಿ.